ಮುಟ್ಟಿದ್ರೆ ಓಡಿಹೋಗೋ ವಿಲನ್

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ, ಆರನೇ ಕ್ಲಾಸು, ದಿಂಬಿಗೆ ಒರಗಿಕೊಂಡು ಟ್ಯಾಬ್‌ನಲ್ಲಿ ಯಾವುದೋ ಕಾರ್ಟೂನ್ ನೋಡ್ತಿದ್ದ. ಬಣ್ಣಬಣ್ಣದ ಸೂಟ್ ಹಾಕ್ಕೊಂಡಿರೋ ಐದು ಜನರ ಟೀಮು, ಎದುರಿಗೆ ಬೆಟ್ಟದಂಥ ಒಬ್ಬ ರಾಕ್ಷಸ, ಹಿಂದೆ ಭೂಮಿ ನೀಲಿಯಾಗಿ ಹೊಳೀತಿದೆ. ಲೀಡರ್ ‘ಫುಲ್ ಸ್ಪೀಡ್’ ಅಂತ ಕೂಗಿದ, ನೌಕೆ ಬುರ್ರಂತ ಮುಂದಕ್ಕೆ ನುಗ್ತು, ಒಬ್ಬ ಹಾರಿ ಹೋಗಿ ರಾಕ್ಷಸನ ರಟ್ಟೆ ಹಿಡ್ಕೊಂಡ, ಇನ್ನೊಬ್ಬ ಬಲೆ ಬೀಸಿದ, ಕಥೆ ಮುಗೀತು. ನಾನು ಬಾಯಿ ಮುಚ್ಕೊಂಡು ಕಾಫಿ ಕುಡೀಬಹುದಿತ್ತು. “ಲೋ, ಇದೆಲ್ಲಾ ಸುಳ್ಳು ಕಣೋ, ಮೇಲೆ ಹಂಗೆಲ್ಲಾ ಹಿಡಿಯಕ್ಕಾಗಲ್ಲ” ಅಂದುಬಿಟ್ಟೆ. “ಮಾಮ, ಸುಮ್ನಿರು” ಅಂದ. ಒಳಗಿಂದ ಅಕ್ಕ “ಶುರುವಾಯ್ತು ಇವಂದು” ಅಂದ್ಲು.

ಹೌದು, ಶುರುವಾಯ್ತು. ಯಾಕಂದ್ರೆ ಬಾಹ್ಯಾಕಾಶದಲ್ಲಿ ಒಂದು ದೊಡ್ಡ ವಸ್ತುವನ್ನ ಹಿಡಿಯೋದು ಅನ್ನೋ ವಿಷ್ಯ ನಂಗೆ ಒಂಥರಾ ಹುಚ್ಚು, ಯಾರಾದ್ರೂ ಎಳೆದು ಕೂರಿಸೋವರೆಗೂ ಮಾತಾಡ್ತೀನಿ.

ಮೊದಲು ಒಂದು ಕೋಪ ತೀರಿಸ್ಕೊಂಡುಬಿಡ್ತೀನಿ. ‘ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲ, ಹಾಗಾಗಿ ತೂಕ ಇಲ್ಲ, ಹಾಗಾಗಿ ಮಗು ಕೂಡ ಲಾರಿ ಎತ್ತಿ ಎಸೀಬಹುದು’ ಅಂತ ವಾಟ್ಸಾಪ್‌ನಲ್ಲಿ ಬರ್ತಾನೇ ಇರುತ್ತೆ, ಓದಿರೋರೂ ಫಾರ್ವರ್ಡ್ ಮಾಡ್ತಾರೆ. 400 ಕಿಲೋಮೀಟರ್ ಎತ್ತರದ ಒಂದು ಗೋಪುರ ಕಟ್ಟಿ ಅದರ ತುದೀಲಿ ತಕ್ಕಡಿ ಇಟ್ಟು ನಿಂತ್ಕೊಳ್ಳಿ, ಇಲ್ಲಿ 60 ಕೆಜಿ ತೂಗೋರು ಅಲ್ಲಿ 53 ಕೆಜಿ ತೂಗ್ತೀರ, ಅಷ್ಟೇ ವ್ಯತ್ಯಾಸ. ಮೇಲೆ ತೇಲೋದು ಗುರುತ್ವ ಇಲ್ದೇ ಅಲ್ಲ, ನೌಕೆಯೂ ನೀವೂ ಒಟ್ಟಿಗೆ ಬೀಳ್ತಾ ಇರೋದ್ರಿಂದ. ಲಾರಿಯ ತೂಕ ಗೊತ್ತಾಗಲ್ಲ ನಿಜ, ಆದ್ರೆ ಅದರ ಜಡತ್ವ ಒಂದು ಗ್ರಾಂ ಕೂಡ ಕಡಿಮೆಯಾಗಿರಲ್ಲ. ತೇರು ನೆನಪು ಮಾಡ್ಕೊಳ್ಳಿ. ನೂರಾರು ಜನ ಹಗ್ಗ ಹಿಡಿದು ಎಳೆದ್ರೂ ಮೊದಲು ಅಲ್ಲಾಡಲ್ಲ, ಒಂದು ಸಲ ಹೊರಟ ಮೇಲೆ ಅದನ್ನ ನಿಲ್ಲಿಸೋರ ಪಾಡು ದೇವರಿಗೇ ಪ್ರೀತಿ. ಮೇಲೆ ನೆಲದ ಘರ್ಷಣೆ ಇಲ್ಲ, ಹಾಗಾಗಿ ತೇರು ಕಿರುಬೆರಳಿಗೂ ಹೊರಡುತ್ತೆ, ಸಮಸ್ಯೆ ಅಲ್ಲೇ ಇರೋದು.

ಈಗ ‘ಫುಲ್ ಸ್ಪೀಡ್’ ವಿಷ್ಯಕ್ಕೆ ಬರೋಣ. ಬೆಂಗಳೂರಿನೋರಿಗೆ ಇದು ಬೇಗ ಅರ್ಥ ಆಗುತ್ತೆ. ನೀವು ಇನ್ನರ್ ರಿಂಗ್ ರೋಡಲ್ಲಿ ಮುಂದಿನ ಕಾರನ್ನ ಹಿಡಿಯೋಣ ಅಂತ ಆಕ್ಸಿಲರೇಟರ್ ಒತ್ತುತ್ತೀರ ಅಂದ್ಕೊಳ್ಳಿ, ಒತ್ತಿದ ತಕ್ಷಣ ರಸ್ತೆಯೇ ನಿಮ್ಮನ್ನ ಎತ್ತಿ ಔಟರ್ ರಿಂಗ್ ರೋಡಿಗೆ ಹಾಕುತ್ತೆ, ಅಲ್ಲಿ ಸುತ್ತೂ ದೊಡ್ಡದು, ಮೇಲೇರ್ತಾ ಏರ್ತಾ ನಿಮ್ಮ ವೇಗವೂ ಇಳಿಯುತ್ತೆ. ಕಕ್ಷೆ ಅಂದ್ರೆ ಹೀಗೇ. 400 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ದೀರ, ವಿಲನ್ ನಿಮ್ಮ ಮುಂದೆ ಅದೇ ದಾರೀಲಿದ್ದಾನೆ. ನೀವು ಸೆಕೆಂಡಿಗೆ ಬರೀ 1 ಮೀಟರ್ ವೇಗ ಜಾಸ್ತಿ ಮಾಡ್ಕೊಂಡ್ರಿ, ಆರಾಮಾಗಿ ನಡಿಯೋ ಮನುಷ್ಯನ ವೇಗಕ್ಕಿಂತ ಕಡಿಮೆ. ಭೂಮಿಯ ಆ ಕಡೆ ಹೋಗೋ ಹೊತ್ತಿಗೆ ಮೂರೂವರೆ ಕಿಲೋಮೀಟರ್ ಮೇಲಕ್ಕೆ ಹೋಗಿರ್ತೀರ, ಒಂದು ಸುತ್ತು ಮುಗಿಸಿ ವಾಪಸ್ ಬರುವಾಗ ಇದ್ದ ಜಾಗಕ್ಕಿಂತ 16 ಕಿಲೋಮೀಟರಿಗೂ ಹೆಚ್ಚು ಹಿಂದೆ ಬಿದ್ದಿರ್ತೀರ. ವಿಲನ್ ಏನೂ ಮಾಡಿಲ್ಲ ಪಾಪ, ಸುಮ್ನೆ ಹೋಗ್ತಾ ಇದ್ದ. ಅವನನ್ನ ಹಿಡೀಬೇಕಂದ್ರೆ ನೀವು ಬ್ರೇಕ್ ಹಾಕಬೇಕು, ಕೆಳಗಿಳಿದು ಸಣ್ಣ ಸುತ್ತಿನಲ್ಲಿ ಬೇಗ ಬೇಗ ಸುತ್ತಿ ಕೆಳಗಿಂದ ಮೇಲಕ್ಕೆ ಬರಬೇಕು. ತೀರಾ ಹತ್ತಿರ, ಐವತ್ತು-ನೂರು ಮೀಟರ್ ಒಳಗಿದ್ರೆ ನೇರ ಹೋದ್ರೂ ನಡಿಯುತ್ತೆ, ದೂರ ಇದ್ದಷ್ಟೂ ಉಲ್ಟಾ ಲೆಕ್ಕ.

ಇದನ್ನ ಕಾಗದದ ಮೇಲೆ ಗೊತ್ತಿದ್ದೋರೂ ಮೋಸ ಹೋಗಿದ್ದಾರೆ. 1965ರ ಜೂನ್ 3ರಂದು ಅಮೆರಿಕದ ಜೆಮಿನಿ 4 ನೌಕೆಯಲ್ಲಿ ಹೋದ ಜೇಮ್ಸ್ ಮ್ಯಾಕ್‌ಡಿವಿಟ್, ತಮ್ಮನ್ನ ಮೇಲಕ್ಕೆ ತಂದ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗೋಕೆ ನೋಡಿದ್ರು. ಪೈಲಟ್ ಬುದ್ಧಿ, ಮೂತಿ ಅದರ ಕಡೆ ತಿರುಗಿಸಿ ಥ್ರಸ್ಟರ್, ಅಂದ್ರೆ ನೌಕೆ ತಳ್ಳೋ ಪುಟ್ಟ ಇಂಜಿನ್, ಒತ್ತಿದ್ರು, ಅದು ದೂರ ಹೋಯ್ತು, ಮತ್ತೆ ಒತ್ತಿದ್ರು, ಇನ್ನೂ ಆ ಕಡೆ ಈ ಕಡೆ ಹೋಯ್ತು. ಹೆಚ್ಚುಕಮ್ಮಿ ಅರ್ಧ ಇಂಧನ ಕಳ್ಕೊಂಡು ಕೈಬಿಟ್ರು. ಆ ಲೆಕ್ಕವನ್ನೇ 1963ರಲ್ಲಿ ಎಂಐಟಿಯಲ್ಲಿ ಡಾಕ್ಟರೇಟ್ ಪ್ರಬಂಧವಾಗಿ ಬರೆದಿದ್ದೋರು ಬಜ್ ಆಲ್ಡ್ರಿನ್, ಮುಂದೆ ಚಂದ್ರನ ಮೇಲೆ ನಡೆದ ಅದೇ ಆಲ್ಡ್ರಿನ್. 1965ರ ಡಿಸೆಂಬರ್ 15ಕ್ಕೆ ವಾಲಿ ಶಿರಾ ತಮ್ಮ ಜೆಮಿನಿ 6ಎ ನೌಕೆಯನ್ನ ಜೆಮಿನಿ 7ರ ಒಂದಡಿ ಹತ್ತಿರಕ್ಕೆ ತಂದು ನಿಲ್ಲಿಸಿದಾಗ ಅಟ್ಟಿಸಿಕೊಂಡು ಹೋಗೋ ಪಾಠ ಮುಗೀತು ಅನ್ನಬಹುದು.

ಹತ್ತಿರ ಹೋದ ಮೇಲೆ ಹಿಡಿಯೋದಿದೆಯಲ್ಲ, ಅದೇ ನನ್ನ ಅಚ್ಚುಮೆಚ್ಚಿನ ಭಾಗ.

1990ರ ಮಾರ್ಚ್‌ನಲ್ಲಿ ಇಂಟೆಲ್‌ಸ್ಯಾಟ್ 603 ಅನ್ನೋ ಸಂಪರ್ಕ ಉಪಗ್ರಹ ಟೈಟನ್ ರಾಕೆಟ್ಟಲ್ಲಿ ಹೋಯ್ತು. ಯಾರೋ ವೈರಿಂಗ್ ತಪ್ಪು ಮಾಡಿದ್ರು, ರಾಕೆಟ್ಟಿಂದ ಉಪಗ್ರಹ ಬಿಡಿಸಿಕೊಳ್ಳಲೇ ಇಲ್ಲ. ಕೊನೆಗೆ ಅದನ್ನ ಮೇಲಕ್ಕೆ ತಳ್ಳಬೇಕಿದ್ದ ಮೋಟಾರನ್ನ ರಾಕೆಟ್ ಜೊತೇಲೇ ಬಿಟ್ಟು ಉಪಗ್ರಹ ಮಾತ್ರ ಕಳಚಿಕೊಂಡು ಕೆಳಗಿನ ಕಕ್ಷೆಯಲ್ಲೇ ಅನಾಥವಾಗಿ ಸುತ್ತುತ್ತಾ ಉಳೀತು. ಸುಮಾರು 4 ಟನ್, 3.6 ಮೀಟರ್ ಅಗಲದ ಡ್ರಮ್ಮು, ನಿಧಾನಕ್ಕೆ ಬುಗುರಿ ಥರ ತಿರುಗ್ತಾ ಇದೆ. 1992ರ ಮೇನಲ್ಲಿ ಎಂಡೆವರ್ ಅನ್ನೋ ನಾಸಾದ ಹೊಚ್ಚಹೊಸ ಶಟಲ್‌ನ (ಜನರನ್ನ ಮೇಲಕ್ಕೆ ಕರ್ಕೊಂಡು ಹೋಗಿ ವಾಪಸ್ ತರೋ ನೌಕೆ) ಮೊದಲ ಹಾರಾಟವೇ ಇದನ್ನ ಹಿಡಿದು ಹೊಸ ಮೋಟಾರ್ ಕಟ್ಟಿ ಕಳಿಸೋಕೆ. ಉಪಗ್ರಹಕ್ಕೆ ಶಟಲ್‌ನ ರೋಬೋ ತೋಳು ಹಿಡ್ಕೊಳ್ಳೋಕೆ ಬೇಕಾದ ಹಿಡಿಕೆ ಇರ್ಲಿಲ್ಲ, ಅದನ್ನ ಮಾಡಿದೋರು ಯಾವತ್ತಾದ್ರೂ ಯಾರಾದ್ರೂ ಬಂದು ಹಿಡೀತಾರೆ ಅಂತ ಅಂದ್ಕೊಂಡಿರ್ಲಿಲ್ಲವಲ್ಲ. ಹಾಗಾಗಿ ಅದಕ್ಕಂತಲೇ ಒಂದು ಉದ್ದನೆ ಅಡ್ಡಪಟ್ಟಿ ಮಾಡಿದ್ರು. ಪಿಯರ್ ಥುಯೋ ಅನ್ನೋ ಗಗನಯಾತ್ರಿ ಆ ತೋಳಿನ ತುದೀಲಿ ನಿಂತು ಅದನ್ನ ಉಪಗ್ರಹದ ತಳದ ಉಂಗುರಕ್ಕೆ ಮೆಲ್ಲಗೆ ಒತ್ತಬೇಕು, ಚಿಲಕ ಟಕ್ ಅಂತ ಬೀಳಬೇಕು.

ಬೀಳಲಿಲ್ಲ. ಪಟ್ಟಿ ತಾಗಿದ ಕ್ಷಣಕ್ಕೇ ಉಪಗ್ರಹ ಜಾರಿ ಆಚೆ ಹೋಯ್ತು, ಜೊತೆಗೆ ತಲೆ ಬೇರೆ ಅಲ್ಲಾಡಿಸೋಕೆ ಶುರು ಮಾಡ್ತು. ಮಾರನೇ ದಿನ ಮತ್ತೆ ಹೋದ್ರು, ಮತ್ತೆ ಅದೇ ಕಥೆ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಅಂಗೈ ಮೇಲೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಟ್ರೆ ಎಷ್ಟು ಒತ್ತುತ್ತೋ ಅದಕ್ಕಿಂತ ಸ್ವಲ್ಪ ಕಡಿಮೆ ಬಲದಲ್ಲಿ, ಬರೀ ಒಂದು ಸೆಕೆಂಡು, 4 ಟನ್ ವಸ್ತುವನ್ನ ಒತ್ತಿ. ಅದಕ್ಕೆ ಸೆಕೆಂಡಿಗೆ 1 ಮಿಲಿಮೀಟರ್ ವೇಗ ಬರುತ್ತೆ. ಏನೂ ಇಲ್ಲ ಅನ್ಸುತ್ತೆ ಅಲ್ವಾ? ಆದ್ರೆ ಅದನ್ನ ತಡೆಯೋಕೆ ಅಲ್ಲಿ ಏನೂ ಇಲ್ಲ, ಕಾಲು ಗಂಟೇಲಿ 90 ಸೆಂಟಿಮೀಟರ್ ದೂರ ಹೋಗಿರುತ್ತೆ, ನಿಮ್ಮ ಕೈಗೆ ಸಿಗಲ್ಲ. ಇದು ಸುಮ್ನೆ ಒತ್ತಿದ್ದಕ್ಕೆ. ಚಿಲಕ ಬೀಳೋಷ್ಟು ಒತ್ತಿದ್ರೆ ಕೇಳೋದೇ ಬೇಡ. ಹರಿಗೋಲಿಂದ ದಡಕ್ಕೆ ಕಾಲಿಡುವಾಗ ಹರಿಗೋಲು ಹಿಂದಕ್ಕೆ ಸರಿಯುತ್ತಲ್ಲ, ಅದೇ. ಅದಕ್ಕೇ ಅಂಬಿಗ ಹುಟ್ಟು ಊರಿ ಹಿಡ್ಕೊಂಡಿರ್ತಾನೆ. ಮೇಲೆ ಹುಟ್ಟು ಊರೋಕೆ ತಳವೂ ಇಲ್ಲ.

ಇನ್ನೊಂದು ಕಿತಾಪತಿ ಇದೆ, ಒಳಗಿನ ದ್ರವ ಇಂಧನ. ತುಂಬಿದ ಕೊಡ ತುಳುಕಲ್ಲ ಅಂತಾರೆ, ಇದು ಅರೆಬರೆ ಖರ್ಚಾಗಿದ್ದ ಕೊಡ. ಒಂದು ಹಸಿ ಮೊಟ್ಟೆ ತಗೊಂಡು ಟೇಬಲ್ ಮೇಲೆ ಗಿರ್ರಂತ ತಿರುಗಿಸಿ, ಬೆರಳಿಟ್ಟು ಒಂದು ಕ್ಷಣ ನಿಲ್ಲಿಸಿ, ತಕ್ಷಣ ಬೆರಳು ತೆಗೀರಿ. ಮತ್ತೆ ತಾನಾಗಿ ತಿರುಗೋಕೆ ಶುರು ಮಾಡುತ್ತೆ, ಯಾಕಂದ್ರೆ ನೀವು ನಿಲ್ಲಿಸಿದ್ದು ಚಿಪ್ಪನ್ನ, ಒಳಗಿನ ಲೋಳೆ ಇನ್ನೂ ತಿರುಗ್ತಾನೇ ಇತ್ತು. ಭೂಮಿ ಮೇಲೆ ಥುಯೋ ಪ್ರಾಕ್ಟೀಸ್ ಮಾಡಿದ ಮಾದರಿಯಲ್ಲಿ ಒಂಚೂರು ಘರ್ಷಣೆ ಉಳಿದಿತ್ತು, ಒಳಗೆ ತುಳುಕೋ ಇಂಧನ ಇರ್ಲಿಲ್ಲ. ಅದು ಒತ್ತಿದ್ರೆ ನಿಂತ್ಕೊಳ್ತಿತ್ತು. ಬೇಯಿಸಿದ ಮೊಟ್ಟೇಲಿ ಪ್ರಾಕ್ಟೀಸ್ ಮಾಡಿ ಹಸಿ ಮೊಟ್ಟೆ ಹಿಡಿಯೋಕೆ ಹೋದಂಗಾಯ್ತು.

ಇಷ್ಟು ಹೇಳೋ ಹೊತ್ತಿಗೆ ಹುಡುಗ ಟ್ಯಾಬ್ ಪಕ್ಕಕ್ಕಿಟ್ಟಿದ್ದ. ನಾನು ಅಡುಗೆಮನೆಯಿಂದ ಒಂದು ಸುಲಿದ ತೆಂಗಿನಕಾಯಿ ತಂದು ಬಚ್ಚಲ ಬಕೆಟ್ಟಿನ ನೀರಿಗೆ ಬಿಟ್ಟೆ. “ಒಂದೇ ಬೆರಳಲ್ಲಿ ಇದನ್ನ ಅಲುಗಾಡದ ಹಾಗೆ ನಿಲ್ಲಿಸು ನೋಡೋಣ.” ಒತ್ತಿದ, ಹೊರಳಿಕೊಂಡು ಜಾರಿತು. ಮೇಲಿಂದ ಒತ್ತಿದ, ಮುಳುಗಿ ಪಕ್ಕದಲ್ಲಿ ಎದ್ದಿತು. ಎರಡು ಬೆರಳು ಹಾಕಿದ, ನಡುವಿಂದ ನುಣುಚಿಕೊಂಡಿತು. ಆಮೇಲೆ ನಾನು ಹೇಳದೇನೇ ಮೂರು ಬೆರಳು ತಂದು, ಮೂರು ಕಡೆಯಿಂದ, ಮೆತ್ತಗೆ, ಒಂದೇ ಸಲಕ್ಕೆ ಮುಟ್ಟಿದ. ನಿಂತ್ಕೊಳ್ತು. ಎತ್ತಿ ಕಿವಿ ಹತ್ರ ಅಲ್ಲಾಡಿಸಿ “ಒಳಗೂ ನೀರಿದೆ ಮಾಮ” ಅಂದ, ಮೊಟ್ಟೆ ಮಾತು ನೆನಪಾಗಿತ್ತು ಅವನಿಗೆ.

ಎಂಡೆವರ್‌ನೋರೂ ಕೊನೆಗೆ ಮಾಡಿದ್ದು ಇದನ್ನೇ. 1992ರ ಮೇ 13ರಂದು ಥುಯೋ, ರಿಚರ್ಡ್ ಹೀಬ್, ಥಾಮಸ್ ಏಕರ್ಸ್ ಮೂವರೂ ಹೊರಗೆ ಹೋದ್ರು. ಮೂವರು ಒಟ್ಟಿಗೆ ಹೊರಗೆ ಹೋಗಿದ್ದು ಅದೇ ಮೊದಲು, ಹೊರಗೆ ಹೋಗೋಕೆ ದಾಟಬೇಕಾದ ಪುಟ್ಟ ಕೋಣೆ, ಏರ್‌ಲಾಕ್, ಇದ್ದಿದ್ದೇ ಇಬ್ಬರಿಗೆ, ಮೂವರು ಹಿಡಿಸ್ತಾರಾ ಅಂತ ಮೊದಲು ಹ್ಯೂಸ್ಟನ್ನಿನ ನೀರಿನ ತೊಟ್ಟೀಲಿ ಬೇರೆಯೋರನ್ನ ಇಳಿಸಿ ನೋಡಿದ್ರು. ಕಮಾಂಡರ್ ಡ್ಯಾನ್ ಬ್ರಾಂಡೆನ್‌ಸ್ಟೈನ್ ಶಟಲ್ಲನ್ನ ಇಂಚಿಂಚಾಗಿ ಉಪಗ್ರಹದ ಕೆಳಗೆ ತಂದ್ರು, ಮೂವರೂ ವೃತ್ತದ ಮೂರು ಕಡೆ ನಿಂತು ಕಾದ್ರು, ಅದು ಅಲ್ಲಾಟ ನಿಲ್ಲಿಸೋವರೆಗೂ ಯಾರೂ ಮುಟ್ಟಲಿಲ್ಲ. ಆಮೇಲೆ ಒಟ್ಟಿಗೆ, ಬರೀ ಗ್ಲೌಸ್ ಹಾಕಿದ ಕೈಯಲ್ಲಿ ಹಿಡಿದ್ರು. ಒಬ್ಬ ಕೊಟ್ಟ ತಳ್ಳುವಿಕೆಯನ್ನ ಉಳಿದಿಬ್ಬರು ನುಂಗಿಬಿಟ್ರು. ಕೋಟಿಗಟ್ಟಲೆ ಖರ್ಚಿನ ಯಂತ್ರ ಮಾಡದ ಕೆಲಸ ಆರು ಕೈ ಮಾಡ್ತು. ಹೊರಗೆ ಹೋದೋರು ಒಳಗೆ ಬರೋ ಹೊತ್ತಿಗೆ 8 ಗಂಟೆ 29 ನಿಮಿಷ ಆಗಿತ್ತು, ಆಗಿನ ಕಾಲಕ್ಕೆ ದಾಖಲೆ.

ಅದಕ್ಕೂ ಮೊದಲು 1984ರ ಏಪ್ರಿಲ್‌ನಲ್ಲಿ ಕಾರ್ಟೂನ್ ಹೀರೋ ಮಾಡಿದ್ದನ್ನೇ ಜಾರ್ಜ್ ನೆಲ್ಸನ್ ಮಾಡಿದ್ರು. ಬೆನ್ನಿಗೆ ಜೆಟ್ ಕುರ್ಚಿ ಕಟ್ಟಿಕೊಂಡು ಕೆಟ್ಟುಹೋದ ಸೋಲಾರ್ ಮ್ಯಾಕ್ಸ್ ಉಪಗ್ರಹದ ಹತ್ರ ಹಾರಿಹೋದ್ರು, ಸಾಧನ ಕಚ್ಚಲಿಲ್ಲ, ಕಾರಣ ಹುಡುಕಿದ್ರೆ ಹೊದಿಕೆ ಕೂರಿಸೋ ಒಂದು ಪುಟಾಣಿ ಗುಂಡಿ ಅಡ್ಡ ಬಂದಿತ್ತು. ಸರಿ ಅಂತ ಸೌರಫಲಕವನ್ನೇ ಕೈಯಲ್ಲಿ ಹಿಡಿದ್ರು. ಉಪಗ್ರಹ ದಿಕ್ಕಾಪಾಲಾಗಿ ಉರುಳೋಕೆ ಶುರುವಾಯ್ತು, ಫಲಕಕ್ಕೆ ಬಿಸಿಲು ತಪ್ಪಿ ಬ್ಯಾಟರಿ ಖಾಲಿಯಾಗ್ತಾ ಬಂತು. ರಾತ್ರಿಯೆಲ್ಲಾ ಕೂತು ಅದನ್ನ ಮತ್ತೆ ನೆಟ್ಟಗೆ ಮಾಡಿದ್ದು ಮೇರಿಲ್ಯಾಂಡಿನ ಗೊಡಾರ್ಡ್ ಕೇಂದ್ರದೋರು, ಅದೂ ಉಪಗ್ರಹದೊಳಗಿನ ವಿದ್ಯುತ್‌ಕಾಂತಗಳಿಂದ, ಭೂಮಿಯ ಕಾಂತಕ್ಷೇತ್ರವನ್ನೇ ಆಸರೆ ಮಾಡ್ಕೊಂಡು. ಹುಟ್ಟು ಊರೋಕೆ ತಳ ಇಲ್ಲ ಅಂದ್ನಲ್ಲ, ಇವರು ಹುಡುಕಿಬಿಟ್ರು! ಎರಡು ದಿನ ಆದ್ಮೇಲೆ ರೋಬೋ ತೋಳು ಸುಲಭವಾಗಿ ಹಿಡ್ಕೊಳ್ತು. ಅದೇ ವರ್ಷ ನವೆಂಬರ್‌ನಲ್ಲಿ ಜೋ ಅಲೆನ್ ಇಂಡೋನೇಷ್ಯಾದ ಪಾಲಪಾ ಉಪಗ್ರಹವನ್ನ ಕೈಯಲ್ಲೇ ಹಿಡ್ಕೊಂಡು ಸುಮಾರು ಒಂದೂವರೆ ಗಂಟೆ, ಅಂದ್ರೆ ಭೂಮಿಯ ಒಂದು ಪೂರ್ತಿ ಸುತ್ತು, ನಿಂತಿದ್ರು. ಅಲೆನ್ ಏನು ದೈತ್ಯ ಅಲ್ಲ, ಗಿಡ್ಡ ಮನುಷ್ಯ. ಹಿಡ್ಕೊಂಡಿರೋದು ಕಷ್ಟ ಅಲ್ಲ, ಅಲ್ಲಾಡಿಸದೇ ಇರೋದು ಕಷ್ಟ.

ನಮ್ಮ ಇಸ್ರೋದೋರ ಸ್ಪೇಡೆಕ್ಸ್, ಅಂದ್ರೆ ಎರಡು ಉಪಗ್ರಹಗಳನ್ನ ಮೇಲೆ ಒಂದಕ್ಕೊಂದು ಸೇರಿಸೋ ಪ್ರಯೋಗ, ತಡ ಆದಾಗ ಜನ ನಕ್ಕಿದ್ದು ನೆನಪಿದೆಯಾ? 2024ರ ಡಿಸೆಂಬರ್ 30ಕ್ಕೆ ಹಾರಿದ, ಒಂದೊಂದೂ ಸುಮಾರು 220 ಕೆಜಿಯ ಎರಡು ಉಪಗ್ರಹ, ಒಂದರ ಹೆಸರು ಚೇಸರ್ ಇನ್ನೊಂದು ಟಾರ್ಗೆಟ್. ಜನವರಿ 7 ಅಂದ್ರು, ಮುಂದಕ್ಕೆ ಹೋಯ್ತು, 9 ಅಂದ್ರು, ಅದೂ ಹೋಯ್ತು, 12ಕ್ಕೆ 3 ಮೀಟರ್ ಹತ್ತಿರ ತಂದು ಮತ್ತೆ ದೂರ ಕರ್ಕೊಂಡು ಹೋದ್ರು. ಮೀಮ್ ಮಾಡಿದ್ದೇ ಮಾಡಿದ್ದು. ಬೆಂಗಳೂರಿನ ಇಸ್ಟ್ರಾಕ್ ನಿಯಂತ್ರಣ ಕೇಂದ್ರದಲ್ಲಿ ಕೂತಿದ್ದೋರು ಮಾಡ್ತಿದ್ದಿದ್ದು ಎಂಡೆವರ್‌ನ ಮೂವರು ಮಾಡಿದ್ದನ್ನೇ, ಎಲ್ಲಾ ಹದಕ್ಕೆ ಬರೋವರೆಗೂ ಮುಟ್ಟದೇ ಕಾಯೋದು. 16ಕ್ಕೆ ಸೇರಿಸಿದ್ರು. ಮುಟ್ಟೋ ಹೊತ್ತಿನ ವೇಗ ಸೆಕೆಂಡಿಗೆ 10 ಮಿಲಿಮೀಟರ್‌ನಷ್ಟು ಅಂತ ಇಟ್ಕೊಂಡಿದ್ರು, ನೆಲದ ಮೇಲೆ ಇರುವೆ ಇದಕ್ಕಿಂತ ಜೋರಾಗಿ ಹೋಗುತ್ತೆ.

ಹುಡುಗ ಕೊನೆಗೊಂದು ಪ್ರಶ್ನೆ ಕೇಳಿದ. “ಸರಿ ಮಾಮ, ಇವೆಲ್ಲಾ ಸುಮ್ನಿರೋ ವಿಲನ್. ಉರುಳಾಡ್ತಾ ಇರೋನು ಸಿಕ್ರೆ?” ಸಿಕ್ಕಿದ್ದಾನೆ. ಯುರೋಪಿನ ಎನ್ವಿಸ್ಯಾಟ್, 8 ಟನ್, ಬಿಚ್ಚಿಕೊಂಡ ಸೌರಫಲಕ ಸೇರಿ 26 ಮೀಟರ್ ಉದ್ದ, 2012ರ ಏಪ್ರಿಲ್‌ನಲ್ಲಿ ಮಾತು ನಿಲ್ಲಿಸಿದ್ದು ಇವತ್ತಿಗೂ ಮೇಲೆ ಉರುಳ್ತಾ ಇದೆ. ಹಿಡಿಕೆ ಇಲ್ಲ, ರೇಡಿಯೋ ಕೇಳಲ್ಲ, ಗೊಡಾರ್ಡ್‌ನೋರು ಮಾಡಿದ ಉಪಾಯವೂ ನಡಿಯಲ್ಲ. ಜಪಾನಿನ ಆಡ್ರಾಸ್-ಜೆ ಅನ್ನೋ ನೌಕೆ 2024ರಲ್ಲಿ 3 ಟನ್‌ನ ಹಳೇ ರಾಕೆಟ್ ತುಂಡೊಂದರ 15 ಮೀಟರ್ ಹತ್ತಿರದವರೆಗೂ ಹೋಗಿ ನೋಡಿಕೊಂಡು ಬಂತು, ಮುಟ್ಟಲಿಲ್ಲ.

“ಅಂಥದ್ದನ್ನ ಹೆಂಗೆ ಹಿಡೀತಾರೆ?”

ಇಲ್ಲಿ ಸ್ವಲ್ಪ ತಲೆ ಕೆರ್ಕೊಂಡೆ. ಯಾಕಂದ್ರೆ 2018ರ ಸೆಪ್ಟೆಂಬರ್‌ನಲ್ಲಿ ರಿಮೂವ್‌ಡೆಬ್ರಿ ಅನ್ನೋ ಪ್ರಯೋಗದಲ್ಲಿ ತಾವೇ ಬಿಟ್ಟ ಒಂದು ಪುಟ್ಟ ಉಪಗ್ರಹವನ್ನ ಹಿಡಿದು ತೋರಿಸಿದ್ರು, ಅದನ್ನ ಹಿಡಿದಿದ್ದು ಬೀಸಿದ ಬಲೇಲಿ. ಬಲೆ ಒಂದೇ ಕಡೆ ಒತ್ತಲ್ಲ, ಸುತ್ತ ಎಲ್ಲಾ ಕಡೆಯಿಂದ ಮೆತ್ತಗೆ ಅಪ್ಪಿಕೊಳ್ಳುತ್ತೆ, ಒಂಥರಾ ನೂರು ಬೆರಳು ಇದ್ದಂಗೆ.

“ಬಲೆ,” ಅಂದೆ.

“ಮತ್ತೆ ಆವಾಗ್ಲೇ ಎಲ್ಲಾ ಸುಳ್ಳು ಅಂದೆ?” ಅಂತ ಟ್ಯಾಬ್ ಎತ್ಕೊಂಡ. ಒಳಗಿಂದ ಅಕ್ಕ ನಗ್ತಾ ಇದ್ಲು, ಚಟ್ನಿಗೆ ತೆಗೆದಿಟ್ಟಿದ್ದ ಕಾಯಿ ಬಚ್ಚಲಲ್ಲಿದೆ ಅಂತ ಅವಳಿಗೆ ಇನ್ನೂ ಗೊತ್ತಾಗಿರ್ಲಿಲ್ಲ.