ಕಲಾಯಿ: ಪಾತ್ರೆಗೂ ಬೇಕು, ಬೋರ್ಡಿಗೂ ಬೇಕು

ಹಿತ್ತಾಳೆ ಪಾತ್ರೆ ಬಳಸಿದವರಿಗೆ ಕಲಾಯಿ ಗೊತ್ತು. ಒಳಮೈಗೆ ತವರದ ತೆಳು ಪದರ ಬಳಿಯುವುದು. ಪಾರ್ಸಿಯಲ್ಲಿ ಈ ಪದಕ್ಕೆ ತವರ ಅಂತಲೇ ಅರ್ಥ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹುಳಿ ಇಟ್ಟರೆ ಹಸಿರು ಕಿಲುಬು ಏಳುತ್ತದೆ.

ಅದೇ ಕಿಲುಬು ಬೀದರಿನ ನಮ್ಮ ಮನೆ ಮಾಳಿಗೆಯ ಮೇಲೂ ಸಿಕ್ಕಿತು. ಟ್ಯಾಂಕ್ ತುಂಬಿದರೆ ಕೂಗುವ ಬಜರ್‌ಗೆ ಕೈಯಾರೆ ಒಂದು ಸರ್ಕ್ಯೂಟ್ ಬೋರ್ಡ್ ಮಾಡಿದ್ದೆ. ಒಂದು ಮಳೆಗಾಲಕ್ಕೆ ಬಜರ್ ಗಪ್‌ಚುಪ್. ಡಬ್ಬಿ ಬಿಚ್ಚಿದರೆ ಒಂದು ಟ್ರ್ಯಾಕ್ (ಕರೆಂಟ್ ಹರಿಯುವ ತಾಮ್ರದ ಗೆರೆ) ಪೂರಾ ಹಸಿರು ಪುಡಿ. ಪಿನ್ನಿನಿಂದ ಕೆರೆದೆ, ಕೆಳಗೆ ತಾಮ್ರವೇ ಇಲ್ಲ! ಇರೋದೇ ಸುಮಾರು 35 ಮೈಕ್ರಾನ್ ದಪ್ಪ, ಎಷ್ಟು ದಿನ ತಡೆದೀತು? ಕಂಪನಿ ಬೋರ್ಡಿಗೆ ಮೇಲೊಂದು ಹಸಿರು ಲೇಪ ಇರುತ್ತದೆ. ನಮ್ಮದು ಬರಿಮೈ.

ಅದಕ್ಕೇ ಬೋರ್ಡಿಗೂ ಕಲಾಯಿ. ಎಲೆಕ್ಟ್ರಾನಿಕ್ಸ್‌ನವರು ಟಿನ್ನಿಂಗ್ ಅನ್ನುತ್ತಾರೆ. ತಾಮ್ರವನ್ನು ಉಜ್ಜಿ ಹೊಳೆಯಿಸಿ, ಕಿಲುಬು ತೆಗೆಯುವ ರಾಳದ ಫ್ಲಕ್ಸ್ ಹಚ್ಚಿ, ಬಿಸಿ ಸೋಲ್ಡರಿಂಗ್ ಐರನ್ನಿನ ತುದಿಗೆ ತವರ ಬೆರೆತ ಸೋಲ್ಡರ್ ಚೂರು ಹಿಡಿದು ಟ್ರ್ಯಾಕ್ ಉದ್ದಕ್ಕೂ ಎಳೆಯಬೇಕು.

ಕಲಾಯಿಯವರು ಮಾತ್ರ ರಾಳ ಬಳಸಲ್ಲ, ನವಸಾಗರ (ಅಮೋನಿಯಂ ಕ್ಲೋರೈಡ್) ಚೆಲ್ಲುತ್ತಾರೆ. ಕಾದ ಪಾತ್ರೆಯಲ್ಲಿ ಬಿಳಿ ಹೊಗೆ ಎದ್ದು, ಲೋಹದ ಮೇಲಿನ ಕಿಲುಬನ್ನು ತಿಂದುಹಾಕಿ, ತವರ ಕಚ್ಚಿಕೊಳ್ಳುತ್ತದೆ. ನಮ್ಮೂರ ಬಿದ್ರಿ ಕೆಲಸದಲ್ಲೂ ಕೋಟೆಯ ಮಣ್ಣಿನ ಜೊತೆ ಅದೇ ನವಸಾಗರ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಇಷ್ಟು ಒಳ್ಳೆಯ ಪದಾರ್ಥ ಬೋರ್ಡಿಗೆ ಮಾತ್ರ ಬೇಡವೇ ಬೇಡ. ಪಾತ್ರೆಯನ್ನು ತಿಕ್ಕಿ ತೊಳೆಯಬಹುದು. ಬೋರ್ಡಿನ ಸಂದಿಯಲ್ಲಿ ಕೂತ ಕ್ಲೋರೈಡ್ ತೇವ ಹೀರಿಕೊಂಡು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ನನ್ನ ಬೋರ್ಡಿಗೂ ಬಹುಶಃ ಇದೇ ಆಗಿದ್ದು. ಟ್ರ್ಯಾಕ್ ಕೊರೆಸಿದ ಫೆರಿಕ್ ಕ್ಲೋರೈಡನ್ನು ಒಂದೇ ಮಗ್ ನೀರಲ್ಲಿ ತೊಳೆದು ಕೈ ಒರೆಸಿಕೊಂಡಿದ್ದೆ. ಸೋಮಾರಿತನ, ಮತ್ತೇನು!

ಕಲಾಯಿಯ ಮೇಲೆ ಇನ್ನೊಂದು ಪದರ ಇದ್ದರೆ ಇನ್ನೂ ಜಾಸ್ತಿ ಬಾಳಿಕೆ. ಬಿದ್ರಿಗೆ ಕೊನೆಯಲ್ಲಿ ಎಣ್ಣೆ ಒರೆಸುತ್ತಾರಲ್ವಾ, ಇಲ್ಲಿ ಅಕ್ರಿಲಿಕ್ ವಾರ್ನಿಷ್ ಸ್ಪ್ರೇ. ಅದಕ್ಕೆ ಕನ್ಫಾರ್ಮಲ್ ಕೋಟಿಂಗ್ ಅಂತ ದೊಡ್ಡ ಹೆಸರು. ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೇ ಟೂತ್‌ಬ್ರಷ್‌ನಿಂದ ಫ್ಲಕ್ಸ್ ತೆಗೆದು ಚೆನ್ನಾಗಿ ಒಣಗಿಸಿ. ಕೊಳೆ, ತೇವ ಒಳಗೇ ಉಳಿದರೆ ಮುಚ್ಚಿಟ್ಟು ಸಾಕಿದ ಹಾಗೆ. ಸ್ವಿಚ್ಚಿಗೂ ಕನೆಕ್ಟರಿಗೂ ಟೇಪ್ ಸುತ್ತಿ. ಎರಡನೇ ಬೋರ್ಡಿನಲ್ಲಿ ನಾನು ಅದನ್ನೇ ಮರೆತೆ. ಕನೆಕ್ಟರ್ ಪಿನ್ನಿಗೆ ಅಂಟಿದ ವಾರ್ನಿಷನ್ನು ಬ್ಲೇಡಿನಿಂದ ಕೆರೆದು ತೆಗೆದ ಮೇಲೆಯೇ ಬಜರ್ ಕೂಗಿದ್ದು.