ಚಾವಿ ತೆಗೆದರೂ ನಿಲ್ಲದ ಲಾರಿ

"ಉಸ್ತಾದ್, ಚಾವಿ ತಗದ್ರೂ ಗಾಡಿ ಬಂದ್ ಆಗವಲ್ದು ನೋಡ್ರಿ." ಶಹಾಬಾದ್ ಪರ್ಸಿ ಕಲ್ಲು, ಸೇಡಂ ಕಡೆಯ ಸಿಮೆಂಟ್, ಸೀಸನ್ನಿನಲ್ಲಿ ತೊಗರಿ ಹೇರಿಕೊಂಡು ಓಡಾಡುವ ಹಳೆಯ ಲಾರಿಗಳಿರುವ ಕಲಬುರಗಿಯ ಗ್ಯಾರೇಜುಗಳಿಗೆ ಈ ದೂರು ಹೊಸದಲ್ಲ. ಅನುಭವಿ ಮಿಸ್ತ್ರಿ ಇದಕ್ಕೆ ತಿರುಗಿ ಕೇಳುವುದು ಒಂದೇ ಮಾತು: "ಸ್ಲೋದಾಗ ಸುಮ್ನ ನಡದದೋ, ತಾನಾ ರೇಸ್ ಆಗ್ಲಕತ್ತದೋ?" ಅರ್ಧ ರೋಗ ಈ ಉತ್ತರದಲ್ಲೇ ಗೊತ್ತಾಗುತ್ತದೆ.

ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ 16ರಿಂದ 20 ಪಟ್ಟು ಒತ್ತುತ್ತದೆ. ಆ ಒತ್ತಡಕ್ಕೇ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ಸ್ವಲ್ಪ ಹೆಚ್ಚಿದ್ದರೂ ಸಾಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಹೀಗಾಗಿ ಹಳೆಯ ಲಾರಿಯಲ್ಲಿ ಚಾವಿಗೂ ಒಳಗಿನ ಬೆಂಕಿಗೂ ನೇರ ಸಂಬಂಧವೇ ಇಲ್ಲ. ಗಾಬರಿಯಲ್ಲಿ ಬ್ಯಾಟರಿಯ ವೈರ್ ಕಿತ್ತರೂ ಇಂಜಿನ್ ನಿಲ್ಲುವುದಿಲ್ಲ. ಓಡುತ್ತಿರುವಾಗ ಬ್ಯಾಟರಿ ಬಿಡಿಸಿದರೆ ವೋಲ್ಟೇಜ್ ಒಮ್ಮೆಲೇ ಏರಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಸುಡಬಹುದು, ಅಷ್ಟೇ ಲಾಭ. ಇಂಜಿನ್ ನಿಲ್ಲಬೇಕೆಂದರೆ ಒಂದೋ ಎಣ್ಣೆ ನಿಲ್ಲಬೇಕು, ಇಲ್ಲವೇ ಗಾಳಿ ನಿಲ್ಲಬೇಕು. ಈಗ ಹುಡುಕಬೇಕಾದದ್ದು ಅದಕ್ಕೆ ಇನ್ನೂ ಉಣಿಸುತ್ತಿರುವವರು ಯಾರು ಎಂಬುದನ್ನು.

ಸ್ಲೋದಲ್ಲಿ ಶಾಂತವಾಗಿ ನಡೆಯುತ್ತಿದ್ದರೆ ಉಣಿಸುತ್ತಿರುವುದು ಡೀಸೆಲ್ ಪಂಪೇ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಕಂಪನಿಯ (ಈಗಿನ ಬಾಷ್) ಹೆಸರನ್ನು ಇಂಥ ಪಂಪುಗಳ ಮೇಲೆ ನಮ್ಮ ಡ್ರೈವರುಗಳು ತಲೆಮಾರಿನಿಂದ ಓದಿದ್ದಾರೆ. ಸಾಲು ಪಂಪಿನಲ್ಲಿ ಸಿಲಿಂಡರಿಗೊಂದು ಪ್ಲಂಜರ್, ಅಂದರೆ ಡೀಸೆಲ್ ಒತ್ತುವ ದಂಡ. ಇಂಜಿನ್ ತಿರುಗುವಷ್ಟು ಹೊತ್ತೂ ಅದು ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಪ್ಲಂಜರಿನ ಮೈಯಲ್ಲಿ ಓರೆಯಾಗಿ ಕೊರೆದ ಒಂದು ಅಂಚು, ನೆಟ್ಟಗೆ ಇಳಿದ ಒಂದು ತೋಡು ಇರುತ್ತವೆ. ಉದ್ದನೆಯ ಹಲ್ಲಿನ ಸರಳು, ಅಂದರೆ ರ‍್ಯಾಕ್, ಸರಿದಂತೆ ಪ್ಲಂಜರುಗಳೆಲ್ಲ ಒಟ್ಟಿಗೆ ಇಷ್ಟಿಷ್ಟೇ ತಿರುಗುತ್ತವೆ. ಎಷ್ಟು ತಿರುಗಿತು ಎಂಬುದರ ಮೇಲೆ ಎಷ್ಟು ಡೀಸೆಲ್ ಹೋಗಬೇಕೆಂಬ ಲೆಕ್ಕ. ನೆಟ್ಟಗಿನ ತೋಡು ಪಕ್ಕದ ತೂತಿಗೆ ಎದುರಾದರೆ ಡೀಸೆಲ್ಲೆಲ್ಲ ಹಿಂದಕ್ಕೆ ಜಾರಿ ಒತ್ತಡವೇ ಹುಟ್ಟುವುದಿಲ್ಲ, ಇಂಜಿನ್ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಸ್ಟಾಪ್ ಗುಬುಟು ಎಳೆದಾಗ ಆಗುವುದು ಇಷ್ಟೇ ಕೆಲಸ. ನನ್ನ ಮಟ್ಟಿಗೆ ಇಡೀ ಲಾರಿಯಲ್ಲಿ ಇಷ್ಟು ಸರಳವಾದ, ಇಷ್ಟು ನಯವಾದ ಉಪಾಯ ಇನ್ನೊಂದಿಲ್ಲ.

ಅದಕ್ಕೇ ಪರೀಕ್ಷೆ ಪಂಪಿನ ಪಕ್ಕದಲ್ಲೇ ನಡೆಯಬೇಕು. ಕ್ಲೀನರ್ ಕ್ಯಾಬಿನ್ನಿನಲ್ಲಿ ಗುಬುಟು ಎಳೆಯಲಿ, ನೀವು ಪಂಪಿನ ಸ್ಟಾಪ್ ಲಿವರ್ ನೋಡಿ. ಗುಬುಟು ಪೂರ್ತಿ ಹೊರಗೆ ಬಂದಿರುತ್ತದೆ, ಲಿವರ್ ಮಾತ್ರ ಅರ್ಧ ದಾರಿಯಲ್ಲಿ ನಿಂತಿರುತ್ತದೆ. ಗ್ರೀಸು, ಸಿಮೆಂಟಿನ ಧೂಳು ಸೇರಿ ಕೇಬಲ್ ಒಳಗೇ ಬಿಗಿದಿರಬಹುದು. ಹೊರಕವಚ ಹಿಡಿದಿರುವ ಕ್ಲಿಪ್ಪಿನ ನಟ್ಟು ಸಡಿಲಾಗಿ, ಒಳತಂತಿಯ ಜೊತೆಗೆ ಕವಚವೂ ಸರಿಯುತ್ತಿರಬಹುದು. ಲಿವರನ್ನು ಕೈಯಿಂದ ಕೊನೆಯವರೆಗೆ ತಳ್ಳಿದಾಗ ಇಂಜಿನ್ ನಿಂತರೆ ತಪ್ಪು ಕೇಬಲ್ಲಿನದು, ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಲಿವರ್ ಕೊನೆ ಮುಟ್ಟಿದರೂ ನಿಲ್ಲದಿದ್ದರೆ ತಪ್ಪು ಪಂಪಿನ ಒಳಗಿದೆ. ಮಳೆಗಾಲದಲ್ಲಿ ನಿಂತ ಗಾಡಿಯಲ್ಲಿ ಡೀಸೆಲ್ಲಿನ ಜೊತೆ ನೀರು ಸೇರಿ ರ‍್ಯಾಕಿಗೆ ತುಕ್ಕು ಹಿಡಿದಿರುವುದೂ ಉಂಟು. ಅದನ್ನು ರಸ್ತೆ ಬದಿಯಲ್ಲಿ ಬಿಚ್ಚಬಾರದು, ಪಂಪ್ ರಿಪೇರಿ ಅಂಗಡಿಗೇ ಒಯ್ಯಬೇಕು. ಅಲ್ಲಿಯವರೆಗೆ ಗಾಡಿ ನಿಲ್ಲಿಸಲು ಟಾಪ್ ಗೇರ್ ಹಾಕಿ, ಬ್ರೇಕ್ ಪೂರ್ತಿ ತುಳಿದು, ಕ್ಲಚ್ ಮೆಲ್ಲಗೆ ಬಿಟ್ಟರೆ ಸಾಕು.

ರೋಟರಿ ಪಂಪಿರುವ ಸಣ್ಣ ಗಾಡಿಗಳಲ್ಲಿ ಕೇಬಲ್ ಬದಲು ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆಯುವ ವಾಲ್ವ್, ಇರುತ್ತದೆ. ಕರೆಂಟ್ ಇರುವ ತನಕ ಡೀಸೆಲ್ ದಾರಿ ತೆರೆದಿರುತ್ತದೆ, ಹೋದರೆ ಸ್ಪ್ರಿಂಗ್ ಮುಚ್ಚುತ್ತದೆ. ಚಾವಿ ಬಂದ್ ಮಾಡಿ ಸೊಲೆನಾಯ್ಡಿನ ತುದಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಉರಿದರೆ ಚಾವಿಯ ಸ್ವಿಚ್ ಸವೆದಿದೆ, ಇಲ್ಲವೇ ಚಾರ್ಜಿಂಗ್ ದೀಪದ ವೈರಿನಿಂದ ಆಲ್ಟರ್ನೇಟರಿನ ಕರೆಂಟ್ ಹಿಂದಿನ ಬಾಗಿಲಿನಿಂದ ಬರುತ್ತಿದೆ. ಉರಿಯದಿದ್ದರೆ ವಾಲ್ವ್ ಕಸ ಹಿಡಿದು ಸಿಕ್ಕಿಕೊಂಡಿದೆ. ಹಳೆಯ ಪೆಟ್ರೋಲ್ ಜೀಪು ಕಿಡಿ ನಿಂತ ಮೇಲೂ ಗಡಗಡ ಎನ್ನುವುದು ಬೇರೆಯೇ ಕಾಯಿಲೆ. ಅಲ್ಲಿ ಕೆಂಪಗೆ ಕಾದ ಕಾರ್ಬನ್ ಕಿಡಿಯ ಕೆಲಸ ಮಾಡುತ್ತಿರುತ್ತದೆ.

ತಾನಾಗಿ ರೇಸ್ ಆಗುತ್ತಿದ್ದರೆ ಮಾತ್ರ ರಿಪೇರಿಯ ಯೋಚನೆ ಬಿಡಿ, ಮೊದಲು ಜೀವ. ರ‍್ಯಾಕ್ ಪೂರ್ತಿ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರಬಹುದು. ಇಲ್ಲವೇ ಇಂಜಿನ್ ತನ್ನದೇ ಆಯಿಲ್ ಕುಡಿಯುತ್ತಿರಬಹುದು. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಸೀಲ್ ಹೋಗಿ ಗಾಳಿಯ ಪೈಪಿಗೆ ಆಯಿಲ್ ಇಳಿಯುತ್ತದೆ. ಧೂಳು ಜಾಸ್ತಿ ಎಂದು ಆಯಿಲ್ ತುಂಬುವ ಏರ್ ಫಿಲ್ಟರಿಗೆ ಗುರುತು ಮೀರಿ ಹಾಕಿದರೂ ಅದೇ ಗತಿ. ಆಗ ಪಂಪಿನ ಡೀಸೆಲ್ ಪೂರ್ತಿ ನಿಂತರೂ ಇಂಜಿನ್ ಕೇಳುವುದಿಲ್ಲ, ವೇಗ ಏರಿದಷ್ಟೂ ಹೆಚ್ಚು ಆಯಿಲ್ ಎಳೆದುಕೊಳ್ಳುತ್ತದೆ. ಹೊಗೆಕೊಳವೆಯಿಂದ ದಟ್ಟ ಹೊಗೆ ಬರುತ್ತದೆ. ಎರಡು ಸಂದರ್ಭಕ್ಕೂ ಮದ್ದು ಒಂದೇ, ಗಾಳಿ ಮುಚ್ಚುವುದು. ಗಾಳಿಯ ಬಾಯಿಗೆ ದಪ್ಪ ಹಲಗೆ ಒತ್ತಿ ಹಿಡಿಯಬೇಕು, ಬರಿಗೈ ಎಂದೂ ಇಡಬಾರದು. ಹತ್ತಿರ ಹೋಗಲಾಗದಷ್ಟು ಕಿರುಚುತ್ತಿದ್ದರೆ ಜನರನ್ನು ದೂರ ಕಳಿಸಿ ನೀವೂ ಸರಿಯಿರಿ. ಈ ಹೊತ್ತಿನಲ್ಲಿ ಗೇರ್ ಹಾಕುವ ಉಪಾಯ ಬೇಡ, ಗಾಡಿ ಮುನ್ನುಗ್ಗೀತು. ಇಂಜೆಕ್ಟರ್ ಪೈಪಿನ ನಟ್ಟೂ ಮುಟ್ಟಬೇಡಿ, ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗೆ ಹೊಕ್ಕರೆ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಿಂತ ಮೇಲೆ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಸೋರಿ ಡೀಸೆಲ್ಲು ಆಯಿಲ್ ಚೇಂಬರಿಗೆ ಇಳಿದಿರಬಹುದು. ಗಾಳಿಯ ಪೈಪ್ ಬಿಚ್ಚಿದಾಗ ಒಳಗೆ ಆಯಿಲ್ ಹರಿದಿದ್ದರೆ ಟರ್ಬೊ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ ಸವೆತ ನೋಡಬೇಕು. ಕಾರಣ ಸಿಗುವ ತನಕ ಸೆಲ್ಫ್ ಹೊಡೆಯಬೇಡಿ. ಲೋಡ್ ಎಳೆದು ಬಂದ ಟರ್ಬೊ ಗಾಡಿಯನ್ನು ಒಂದೆರಡು ನಿಮಿಷ ಸ್ಲೋದಲ್ಲಿ ಬಿಟ್ಟು ಆಮೇಲೆ ಬಂದ್ ಮಾಡಿದರೆ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಗಟ್ಟಿಯಾಗುವುದಿಲ್ಲ, ಸೀಲೂ ಹೆಚ್ಚು ದಿನ ಬಾಳುತ್ತದೆ.