ತುಂಬಿದ ಪಿಡಿಎಫ್ ಫಾರಂ ಆ ಕಡೆ ಖಾಲಿ ಕಾಣುವುದೇಕೆ?

ಪ್ರಶ್ನೆ: ಪಿಡಿಎಫ್ ಫಾರಂ ಒಂದನ್ನು ಉಚಿತ ತಂತ್ರಾಂಶದಲ್ಲಿ ತುಂಬಿ, ಸೇವ್ ಮಾಡಿ, ಮೇಲ್‌ನಲ್ಲಿ ಕಳಿಸಿದೆ. ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಬರೆದದ್ದೆಲ್ಲ ಇದೆ. ಆ ಕಡೆಯವರು ಮಾತ್ರ ‘ಖಾಲಿ ಫಾರಂ ಬಂದಿದೆ’ ಅನ್ನುತ್ತಿದ್ದಾರೆ. ಇದಕ್ಕೆ ದುಡ್ಡು ಕೊಟ್ಟೇ ತಂತ್ರಾಂಶ ಕೊಳ್ಳಬೇಕೆ?

ಉತ್ತರ: ಕೊಳ್ಳಬೇಕಿಲ್ಲ. ಅವರು ಹೇಳುತ್ತಿರುವುದೂ ಸುಳ್ಳಲ್ಲ, ನೀವು ನೋಡುತ್ತಿರುವುದೂ ಸುಳ್ಳಲ್ಲ.

ಪಿಡಿಎಫ್ ಫಾರಂನ ಒಂದೊಂದು ಖಾನೆಗೂ ಎರಡು ಭಾಗ. ನೀವು ಟೈಪ್ ಮಾಡಿದ ಮಾಹಿತಿ ಒಂದು. ಅದು ಪುಟದ ಮೇಲೆ ಹೇಗೆ ಕಾಣಬೇಕು ಎಂಬ ಚಿತ್ರ ಇನ್ನೊಂದು. ‘ಹೆಸರು’ ಖಾನೆಯಲ್ಲಿ ‘ಸುಮಾ’ ಎಂದು ಬರೆದಿರಿ ಅನ್ನೋಣ. ಫೈಲಿನೊಳಗೆ ಒಂದು ಕಡೆ ‘ಈ ಖಾನೆಯಲ್ಲಿರುವುದು ಸುಮಾ’ ಎಂದು ದಾಖಲಾಗುತ್ತದೆ. ಇಂಥ ಫಾಂಟಿನಲ್ಲಿ, ಇಷ್ಟು ಗಾತ್ರದಲ್ಲಿ, ಇಲ್ಲಿಂದ ಶುರುಮಾಡಿ ಅಕ್ಷರ ಮೂಡಿಸು ಎಂಬ ಸೂಚನೆ ಬೇರೆಯೇ ಕಡೆ ಇರುತ್ತದೆ. ಕೆಲವು ತಂತ್ರಾಂಶಗಳು ಮಾಹಿತಿಯನ್ನಷ್ಟೇ ಬರೆದು, ‘ಚಿತ್ರವನ್ನು ತೆರೆದವರೇ ಬಿಡಿಸಿಕೊಳ್ಳಲಿ’ ಎಂದು ಫೈಲಿನಲ್ಲಿ ಒಂದು ಗುರುತು ಹಾಕಿ ಕೈತೊಳೆದುಕೊಳ್ಳುತ್ತವೆ. ಆ ಗುರುತಿಗೆ ಸೊಪ್ಪು ಹಾಕದ ವ್ಯೂವರ್‌ನಲ್ಲಿ, ಅಂದರೆ ಪಿಡಿಎಫ್ ತೋರಿಸುವ ತಂತ್ರಾಂಶದಲ್ಲಿ, ಖಾನೆ ಖಾಲಿ. ಇದೇ ನಿಮ್ಮ ತೊಂದರೆಯೋ ಅಲ್ಲವೋ ಎಂದು ತಿಳಿಯುವುದು ಸುಲಭ: ಆ ಕಡೆಯವರಿಗೆ ಖಾಲಿ ಖಾನೆಯ ಮೇಲೆ ಒಮ್ಮೆ ಕ್ಲಿಕ್ ಮಾಡಲು ಹೇಳಿ. ಕ್ಲಿಕ್ ಮಾಡಿದಾಗ ಅಕ್ಷರ ಕಾಣಿಸಿ, ಹೊರಗೆ ಬಂದೊಡನೆ ಮಾಯವಾದರೆ ಮಾಹಿತಿ ಇದೆ, ಚಿತ್ರ ಇಲ್ಲ.

ಇದೊಂದೇ ಕಾರಣವಲ್ಲ. ನಿಮ್ಮ ಕೈಯಲ್ಲಿರುವುದು ಯಾವ ಬಗೆಯ ಫಾರಂ ಎನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಲಿನಕ್ಸ್‌ನಲ್ಲಿ ಪಿಡಿಎಫ್ ಓದಿ ತೋರಿಸುವ ಪಾಪ್ಲರ್ ಎಂಜಿನ್ನಿನ ಸಲಕರಣೆಗಳ ಜೊತೆಗೇ ಪಿಡಿಎಫ್‌ಇನ್ಫೊ (pdfinfo) ಎಂಬ ಪುಟ್ಟ ಆಜ್ಞೆ ಬರುತ್ತದೆ. ಟರ್ಮಿನಲ್‌ನಲ್ಲಿ ಅದರ ಹೆಸರು, ಮುಂದೆ ಫೈಲಿನ ಹೆಸರು ಕೊಟ್ಟರೆ ಹತ್ತಿಪ್ಪತ್ತು ಸಾಲು ಮೂಡುತ್ತವೆ. ‘ಫಾರ್ಮ್’ ಎಂಬ ಸಾಲಿನ ಮುಂದೆ ಆಕ್ರೊಫಾರ್ಮ್, ಎಕ್ಸ್‌ಎಫ್‌ಎ ಅಥವಾ ನನ್ (none, ಯಾವುದೂ ಅಲ್ಲ) ಎಂದಿರುತ್ತದೆ. ಮುಂದಿನ ದಾರಿಯೆಲ್ಲ ಆ ಒಂದು ಪದದ ಮೇಲೆ ನಿಂತಿದೆ.

ಆಕ್ರೊಫಾರ್ಮ್ ಎಂದಿದ್ದರೆ ಅದು ಸಾಮಾನ್ಯ ಫಾರಂ. ಓಕ್ಯುಲರ್, ಎವಿನ್ಸ್ ಎಂಬ ಉಚಿತ ವ್ಯೂವರ್‌ಗಳು, ಫೈರ್‌ಫಾಕ್ಸ್ ಬ್ರೌಸರ್ ಎಲ್ಲದರಲ್ಲೂ ತುಂಬಬಹುದು. ಓಕ್ಯುಲರ್‌ನಲ್ಲಿ ಖಾನೆಗಳು ತಾವಾಗಿ ತೆರೆದುಕೊಳ್ಳದಿದ್ದರೆ ವ್ಯೂ ಮೆನುವಿನ ‘ಶೋ ಫಾರ್ಮ್ಸ್’ ಒತ್ತಿ, ತುಂಬಿ, ‘ಸೇವ್ ಆ್ಯಸ್’ ಕೊಟ್ಟು ಹೊಸ ಹೆಸರಿನಲ್ಲಿ ಉಳಿಸಿ. ಇಲ್ಲೊಂದು ಹಳೆಯ ತೊಡಕಿದೆ. 2017ರ ಡಿಸೆಂಬರ್‌ಗೆ ಮುಂಚಿನ ಓಕ್ಯುಲರ್, ತುಂಬಿದ ಮಾಹಿತಿಯನ್ನು ತಾನಾಗಿ ಪಿಡಿಎಫ್ ಒಳಗೆ ಇಡುತ್ತಿರಲಿಲ್ಲ. ಬಳಕೆದಾರರ ಹೋಮ್ ಫೋಲ್ಡರಿನ ಯಾವುದೋ ಮೂಲೆಯಲ್ಲಿ ಬೇರೆ ಫೈಲಾಗಿ ಇಡುತ್ತಿತ್ತು. ಅದೇ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲ ಇದ್ದಂತೆ ಕಾಣುತ್ತಿತ್ತು, ಪೆನ್‌ಡ್ರೈವ್‌ನಲ್ಲಿ ಹೊರಗೆ ಹೋದ ಪಿಡಿಎಫ್ ಮಾತ್ರ ಬೋಳು. ಹಳೆಯ ಲಿನಕ್ಸ್ ವಿತರಣೆಯನ್ನೇ ಇನ್ನೂ ನಡೆಸುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಫೈರ್‌ಫಾಕ್ಸ್‌ನಲ್ಲಿ ತುಂಬಿದ ಮೇಲೆ ಪಿಡಿಎಫ್‌ನ ಸಲಕರಣೆ ಪಟ್ಟಿಯಲ್ಲಿರುವ ಸೇವ್ ಗುಂಡಿಯನ್ನೇ ಒತ್ತಬೇಕು. ಫಾರಂ ಬಂದ ಲಿಂಕಿಗೆ ಮರಳಿ ಹೋಗಿ ‘ಡೌನ್‌ಲೋಡ್’ ಕೊಟ್ಟರೆ ಸಿಗುವುದು ಮೂಲದ ಖಾಲಿ ಪ್ರತಿ. ಕ್ರೋಮಿಯಂ ಬ್ರೌಸರ್ ಈ ವಿಷಯದಲ್ಲಿ ಹೆಚ್ಚು ಮರ್ಯಾದಸ್ಥ: ಬದಲಾವಣೆಗಳೊಂದಿಗೆ ಉಳಿಸಲೋ, ಇಲ್ಲದೆ ಉಳಿಸಲೋ ಎಂದು ಕೇಳುತ್ತದೆ. ಅವಸರದಲ್ಲಿ ಎರಡನೆಯದನ್ನು ಒತ್ತುವವರೂ ಇದ್ದಾರೆ.

ಎಕ್ಸ್‌ಎಫ್‌ಎ ಎಂದಿದ್ದರೆ ತಲೆನೋವು. ಇದು ಅಡೋಬಿಯ ಬೇರೆ ವ್ಯವಸ್ಥೆ. ನಿಜವಾದ ಫಾರಂ ಎಕ್ಸ್‌ಎಂಎಲ್ ರೂಪದಲ್ಲಿ ಪಿಡಿಎಫ್ ಒಳಗೆ ಅಡಗಿರುತ್ತದೆ. ಹಲವು ವ್ಯೂವರ್‌ಗಳಲ್ಲಿ ತೆರೆದರೆ ‘ಪ್ಲೀಸ್ ವೇಟ್’ ಎಂದು ಶುರುವಾಗುವ ಒಂದೇ ಪುಟ ಕಾಣುತ್ತದೆ. ಎಷ್ಟು ಹೊತ್ತು ಕಾದರೂ ಅಷ್ಟೇ, ಏಕೆಂದರೆ ಆ ವ್ಯೂವರ್‌ಗೆ ಕಾಣುವ ಪುಟ ಅದೊಂದೇ. 2017ರ ಪಿಡಿಎಫ್ 2.0 ಮಾನದಂಡ ಈ ಪದ್ಧತಿಯನ್ನು ಕೈಬಿಟ್ಟಿದೆ, ಫಾರಂಗಳು ಮಾತ್ರ ಚಲಾವಣೆಯಲ್ಲಿವೆ. ಉಚಿತ ತಂತ್ರಾಂಶಗಳಲ್ಲಿ ಮೊದಲು ಪ್ರಯತ್ನಿಸಬೇಕಾದದ್ದು ಫೈರ್‌ಫಾಕ್ಸ್. 2021ರಲ್ಲಿ ಬಂದ 93ನೇ ಆವೃತ್ತಿಯಿಂದ ಅದು ಇಂಥ ಫಾರಂಗಳನ್ನು ತೆರೆದು ತುಂಬಿಸಿಕೊಳ್ಳುತ್ತದೆ.

ಇದಕ್ಕಿಂತ ಮೋಸದ್ದು ಎರಡೂ ಬಗೆ ಒಟ್ಟಿಗಿರುವ ಫೈಲ್. ನೋಡಲು ಸಾಮಾನ್ಯ ಫಾರಂ, ಒಳಗೆ ಎಕ್ಸ್‌ಎಫ್‌ಎ ಕೂಡ. ನಿಮ್ಮ ವ್ಯೂವರ್ ಆಕ್ರೊಫಾರ್ಮ್ ಭಾಗವನ್ನು ತುಂಬುತ್ತದೆ. ಆ ಕಡೆಯ ಅಡೋಬಿ ರೀಡರ್ ಎಕ್ಸ್‌ಎಫ್‌ಎ ಭಾಗವನ್ನು ಓದುತ್ತದೆ. ಅಲ್ಲಿ ಯಾರೂ ಏನೂ ಬರೆದಿಲ್ಲ. ನಿಮ್ಮ ಪ್ರಶ್ನೆಯ ಲಕ್ಷಣಕ್ಕೆ ಇದು ತುಂಬ ಹೊಂದುತ್ತದೆ. ಪಿಡಿಎಫ್‌ಟಿಕೆ ಎಂಬ ಆಜ್ಞಾಸಾಲಿನ ತಂತ್ರಾಂಶದಲ್ಲಿ ‘ಡ್ರಾಪ್ ಎಕ್ಸ್‌ಎಫ್‌ಎ’ (drop_xfa) ಎಂಬ ಆಯ್ಕೆ ಇದೆ. ಅದನ್ನು ಕೊಟ್ಟು ಖಾಲಿ ಫಾರಂನಿಂದ ಆ ಭಾಗವನ್ನು ಕಿತ್ತು ಹಾಕಿ, ಆಮೇಲೆ ತುಂಬಿ.

ನನ್ ಎಂದಿದ್ದರೆ ಅದು ಗೆರೆ ಎಳೆದ ಬರಿ ಪುಟ, ಖಾನೆಗಳೇ ಇಲ್ಲ. ಇದಕ್ಕೆ ಕ್ಸೊರ್ನಲ್ ಪ್ಲಸ್‌ಪ್ಲಸ್ (Xournal++) ಎಂಬ ತಂತ್ರಾಂಶ ಒಳ್ಳೆಯದು: ಫೈಲ್ ಮೆನುವಿನಿಂದ ‘ಆನೊಟೇಟ್ ಪಿಡಿಎಫ್’, ಆಮೇಲೆ ಟೆಕ್ಸ್ಟ್ ಸಲಕರಣೆ ಹಿಡಿದು ಬೇಕಾದ ಕಡೆ ಕ್ಲಿಕ್ ಮಾಡಿ ಬರೆಯುವುದು. ಮುಗಿದ ಮೇಲೆ ಸೇವ್ ಅಲ್ಲ, ‘ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್’ ಕೊಡಬೇಕು. ಸೇವ್ ಕೊಟ್ಟರೆ ಬರುವುದು ಅದರದೇ ಬಗೆಯ ಫೈಲ್. ಸಾಮಾನ್ಯವಾಗಿ ಅದರಲ್ಲಿ ನಿಮ್ಮ ಬರಹವಷ್ಟೇ ಇದ್ದು, ಮೂಲ ಪಿಡಿಎಫ್ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಮೂಲವನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಹಿನ್ನೆಲೆಯ ಫಾರಂ ಸಿಗದೆ ತಡಕಾಡುತ್ತದೆ. ಆದರೂ ತಿದ್ದುಪಡಿ ಬಂದರೆ ಬೇಕಾಗುತ್ತದೆ, ಅದನ್ನೂ ಇಟ್ಟುಕೊಳ್ಳಿ. ಲಿಬ್ರೆ ಆಫೀಸ್ ಡ್ರಾನಲ್ಲಿ ಪಿಡಿಎಫ್ ತೆರೆದು ತುಂಬುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅದು ಪುಟವನ್ನು ತುಂಡು ತುಂಡು ಸಾಲುಗಳಾಗಿ ಒಡೆದು, ಇಲ್ಲದ ಫಾಂಟಿಗೆ ಬೇರೆಯದನ್ನು ಹಾಕಿ, ಸಾಲುಗಳನ್ನು ಜರುಗಿಸುತ್ತದೆ. ಫಾರಂಗೆ ಬೇಡ.

ಖಾನೆಯಲ್ಲಿ ಕನ್ನಡ ಬರೆಯಬೇಕಾದರೆ ಇನ್ನೊಂದು ತೊಡಕು. ಫಾರಂ ಮಾಡಿದವರು ಖಾನೆಗೆ ಸಾಮಾನ್ಯವಾಗಿ ಹೆಲ್ವೆಟಿಕಾದಂಥ ಫಾಂಟ್ ಗೊತ್ತುಮಾಡಿರುತ್ತಾರೆ, ಅದರಲ್ಲಿ ಕನ್ನಡ ಅಕ್ಷರವೇ ಇಲ್ಲ. ಫಲ: ಖಾಲಿ ಡಬ್ಬಿಗಳು, ಇಲ್ಲವೆ ‘ಕ್ಷ’ ಬರೆದರೆ ಕ, ಹಲಂತದ ಗುರುತು, ಷ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುವುದು. ಒಳಗಿನ ಮಾಹಿತಿ ಯೂನಿಕೋಡ್‌ನಲ್ಲಿ ಸರಿಯಾಗಿಯೇ ಕೂತಿರಬಹುದು, ಕೆಟ್ಟಿರುವುದು ಚಿತ್ರ. ಮುದ್ರಣಕ್ಕೆ ಹೋಗುವ ಫಾರಂ ಆದರೆ ಆ ಖಾನೆಗಳನ್ನು ಖಾಲಿ ಬಿಟ್ಟು, ಕನ್ನಡವನ್ನು ಕ್ಸೊರ್ನಲ್‌ನಲ್ಲಿ ಮೇಲಿನಿಂದ ಬರೆಯಿರಿ. ಅಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ.

ಇನ್ನು ಖಾಲಿ ಕಾಣುವ ಮೂಲ ತೊಂದರೆಗೆ ಪರಿಹಾರ. ಮನುಷ್ಯರು ಓದುವ ಫಾರಂ ಆದರೆ ತುಂಬಿದ್ದನ್ನು ಚಪ್ಪಟೆ ಮಾಡಿ ಕಳಿಸಿ, ಅಂದರೆ ಖಾನೆಗಳನ್ನು ತೆಗೆದು ಅಕ್ಷರಗಳನ್ನು ಪುಟಕ್ಕೇ ಅಂಟಿಸಿ. ಎವಿನ್ಸ್‌ನಲ್ಲಿ ಪ್ರಿಂಟ್ ಕೊಟ್ಟು, ಪ್ರಿಂಟರ್ ಜಾಗದಲ್ಲಿ ‘ಪ್ರಿಂಟ್ ಟು ಫೈಲ್’ ಆರಿಸಿ ಪಿಡಿಎಫ್ ಮಾಡಿದರೆ ಕೆಲಸ ಆಯಿತು. ಆ ಪ್ರತಿಯಲ್ಲಿ ಮತ್ತೆ ತಿದ್ದಲು ಬಾರದು, ಆದ್ದರಿಂದ ತುಂಬಬಹುದಾದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಆ ಕಡೆ ಯಂತ್ರವೇ ಖಾನೆಗಳಿಂದ ಮಾಹಿತಿ ಎತ್ತಿಕೊಳ್ಳುವ ಏರ್ಪಾಡಿದ್ದರೆ ಚಪ್ಪಟೆ ಮಾಡಬಾರದು. ಎತ್ತಿಕೊಳ್ಳಲು ಅದಕ್ಕೆ ಖಾನೆಯೇ ಸಿಗುವುದಿಲ್ಲ.

ಚಪ್ಪಟೆ ಮಾಡುವ ಮುನ್ನ ಉದ್ದ ಬರೆದ ಖಾನೆಗಳ ಮೇಲೆ ಕಣ್ಣಾಡಿಸಿ. ಅಕ್ಷರದ ಗಾತ್ರ ನಿಗದಿಯಾಗಿರುವ ಖಾನೆಯಲ್ಲಿ ಜಾಗ ಮೀರಿದ ಸಾಲುಗಳು ಟೈಪ್ ಮಾಡುವಾಗ ಸ್ಕ್ರಾಲ್ ಆಗುತ್ತ ಹೋಗುತ್ತವೆ, ಮುದ್ರಿಸಿದಾಗ ಕತ್ತರಿಸಿ ಹೋಗಿರುತ್ತವೆ.

ಕಳಿಸುವ ಮೊದಲು ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಓಕ್ಯುಲರ್‌ನಲ್ಲಿ ತುಂಬಿ ಎವಿನ್ಸ್‌ನಲ್ಲಿ ತೆರೆದು ‘ಎರಡರಲ್ಲೂ ಕಾಣುತ್ತಿದೆ’ ಎಂದು ನೆಮ್ಮದಿಪಡುತ್ತಾರೆ. ಎರಡರ ಹೊಟ್ಟೆಯೊಳಗೂ ಇರುವುದು ಪಾಪ್ಲರ್ ಎಂಬ ಒಂದೇ ಎಂಜಿನ್. ಫೈರ್‌ಫಾಕ್ಸ್‌ನದು ಪಿಡಿಎಫ್.ಜೆಎಸ್, ಕ್ರೋಮಿಯಂನದು ಪಿಡಿಎಫಿಯಂ. ಪಾಪ್ಲರ್‌ನಲ್ಲಿ ತುಂಬಿದ್ದನ್ನು ಇವೆರಡರಲ್ಲಿ ಒಂದರಲ್ಲಾದರೂ ತೆರೆದು ನೋಡಿ, ಸಾಧ್ಯವಾದರೆ ಮೊಬೈಲಿನಲ್ಲೂ.

ಡಿಜಿಟಲ್ ಸಹಿ ಬೇಕಿರುವ ಫಾರಂ ಆದರೆ ಸಹಿ ಎಲ್ಲಕ್ಕಿಂತ ಕೊನೆಗೆ. ಸಹಿಯಾದ ಮೇಲೆ ಪ್ರಿಂಟ್ ಟು ಫೈಲ್ ಮಾಡಿದರೆ ಸಹಿಯ ಗುರುತು ಚಿತ್ರವಾಗಿ ಉಳಿಯುತ್ತದೆ, ಸಹಿ ಉಳಿಯುವುದಿಲ್ಲ.